ಬಂಗಾರಪೇಟೆಯಲ್ಲಿ ಕೂತು ಲಂಡನ್ನಿನ ಮುಚ್ಚಿಹೋದ ಸ್ಟೇಷನ್ನಿನ ಹಿಸ್ಟರಿ ತೆಗೆಯೋದು ಹೇಗೆ

ನಮ್ಮಕ್ಕನ ಮಗ ಕೋಲಾರದಲ್ಲಿ ಬಿಎ ಓದ್ತಿದಾನೆ. ಅವನಿಗೆ ಸೆಮಿನಾರ್‌ಗೆ ಯುರೋಪಿನ ಯಾವುದಾದ್ರೂ ಒಂದು ಅಂಡರ್‌ಗ್ರೌಂಡ್ ಮೆಟ್ರೋ ಸ್ಟೇಷನ್ನಿನ ಇತಿಹಾಸ ಅಂತ ಟಾಪಿಕ್ ಬಿತ್ತು, ಇವನು ರಾತ್ರಿ ಮೊಬೈಲ್ ಹಿಡ್ಕೊಂಡು ಅರ್ಧ ಗಂಟೆ ಉಜ್ಜಿ ಎರಡು ಪೇಜ್ ಬರ್ಕೊಂಡು ಹೋದ. ಮೇಷ್ಟ್ರು ನೋಡಿ 'ಇದರಲ್ಲಿ ಹುಟ್ಟಿದ ತಾರೀಖು ಇದೆ, ಸತ್ತ ತಾರೀಖು ಇದೆ, ಮಧ್ಯ ಬದುಕಿದ್ದು ಎಲ್ಲಪ್ಪಾ' ಅಂತ ಕೇಳಿ ವಾಪಸ್ ಕೊಟ್ರಂತೆ. ಮುಖ ಊದಿಸ್ಕೊಂಡು ನಮ್ಮನೆಗೆ ಬಂದ. ಸರಿ ಬಾರೋ ಅಂತ ಪಾನಿಪುರಿ ಗಾಡಿ ಹತ್ರ ಕರ್ಕೊಂಡು ಹೋದೆ, ನಮ್ಮೂರಿನ ಬಿಳೀ ನೀರಿನ ಪಾನಿಪುರಿ ಒಂದು ಪ್ಲೇಟ್ ಒಳಗೆ ಹೋದ್ಮೇಲೆ ಯಾರಿಗೇ ಆದ್ರೂ ತಲೆ ಓಡುತ್ತೆ.

ಅವತ್ತು ಅವನಿಗೆ ಹೇಳ್ಕೊಟ್ಟಿದ್ದನ್ನೇ ಇಲ್ಲಿ ಬರೀತಿದೀನಿ. ನಾನೇನು ಪ್ರೊಫೆಸರ್ ಅಲ್ಲ, ದಿನಾ ಮಾರಿಕುಪ್ಪಂ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರೋ ಗಿರಾಕಿ, ಸೀಟ್ ಸಿಕ್ಕಿದ ದಿನ ಹಳೇ ರೈಲ್ವೆ ಮ್ಯಾಪ್ ನೋಡೋದು ಒಂದು ಚಟ. ಇನ್ನೊಂದು ಏನಂದ್ರೆ ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಮೈನ್ಸಲ್ಲಿ ಇದ್ದೋರು, ಹಾಗಾಗಿ ನೆಲದ ಕೆಳಗೆ ಇಳಿಯೋ ಯಾವ ವಿಷಯ ಬಂದ್ರೂ ನನಗೆ ಮೊದಲು ಹೊಳೆಯೋ ಪ್ರಶ್ನೆ ಒಂದೇ, ಜನ ಕೆಳಗೆ ಹೆಂಗೆ ಹೋಗ್ತಿದ್ರು, ಮೇಲೆ ಹೆಂಗೆ ಬರ್ತಿದ್ರು. ಸ್ಟೇಷನ್ನಿನ ಹಿಸ್ಟರಿ ಹುಡುಕೋಕೂ ಇದೇ ಪ್ರಶ್ನೆ ಸಾಕು, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಸ್ಟೇಷನ್ ಆರಿಸ್ಕೊಳ್ಳೋದು. ಅರ್ಧ ಜನ ಎಡವೋದು ಇಲ್ಲೇ. ಎಲ್ಲರೂ ದೊಡ್ಡದಕ್ಕೇ ಕೈ ಹಾಕ್ತಾರೆ. ಬೇಕರ್ ಸ್ಟ್ರೀಟ್ ತಗೊಂಡ್ರೆ ಅದು 1863ರಿಂದ ಇದೆ, ಎಷ್ಟೊಂದು ಲೈನು, ಎಷ್ಟೊಂದು ಸಲ ಒಡೆದು ಕಟ್ಟಿದಾರೆ, ಸೆಮಿನಾರಿನ ಇಪ್ಪತ್ತು ನಿಮಿಷ ಅದರ ಬಾಗಿಲು ದಾಟೋಕೂ ಸಾಲಲ್ಲ. ಚಿಕ್ಕದು ತಗೊಳ್ಳಿ, ಆದಷ್ಟೂ ಮುಚ್ಚಿಹೋಗಿರೋದು ತಗೊಳ್ಳಿ. ನಡೀತಿರೋ ಸ್ಟೇಷನ್‌ಗೆ ಹತ್ತು ವರ್ಷಕ್ಕೊಂದು ಸಲ ಹೊಸ ಟೈಲ್ಸು ಹೊಸ ಲೈಟು ಹಾಕಿ ಹಳೇದನ್ನ ಅಳಿಸಿಬಿಟ್ಟಿರ್ತಾರೆ, ಮುಚ್ಚಿರೋದನ್ನ ಯಾರೂ ಮುಟ್ಟಿರಲ್ಲ, ಬೀಗ ಹಾಕಿದ ಅಜ್ಜಿ ಮನೆ ಥರ ಇಟ್ಟಿದ್ದು ಇಟ್ಟಲ್ಲೇ ಇರುತ್ತೆ. ನಾವು ಆರಿಸಿದ್ದು ಲಂಡನ್ನಿನ ಆಲ್ಡ್‌ವಿಚ್. ಪಿಕಡಿಲಿ ಲೈನಲ್ಲಿ ಹೋಬರ್ನ್ ಅನ್ನೋ ಸ್ಟೇಷನ್ನಿಂದ ಒಂದು ಚಿಕ್ಕ ಕೊಂಬೆ ಥರ ದಕ್ಷಿಣಕ್ಕೆ ಅರ್ಧ ಕಿಲೋಮೀಟರ್ ಚಿಲ್ಲರೆ ಇಳಿದು ಅಲ್ಲಿಗೇ ನಿಂತುಬಿಡೋ ಲೈನಿನ ಕೊನೇ ಸ್ಟೇಷನ್ ಅದು. 1907ರ ನವೆಂಬರ್ 30ಕ್ಕೆ ಶುರು, 1994ರ ಸೆಪ್ಟೆಂಬರ್ 30ಕ್ಕೆ ಬಂದ್. ಹುಡುಗ ಬರ್ಕೊಂಡು ಹೋಗಿದ್ದು ಈ ಎರಡು ತಾರೀಖನ್ನೇ!

ಸ್ಟೇಷನ್ ಆರಿಸಿದ ತಕ್ಷಣ ಅದರ ಬಗ್ಗೆ ಓದೋಕೆ ಕೂರ್ಬೇಡಿ, ಅದಕ್ಕೆ ಎಷ್ಟು ಹೆಸರಿತ್ತು ಅನ್ನೋದನ್ನ ಮೊದಲು ಪತ್ತೆ ಮಾಡಿ. ನಮ್ಮೂರನ್ನೇ ನೋಡಿ, ಹಳೇ ಮೈಸೂರು ರೈಲ್ವೆ ಕಾಗದದಲ್ಲಿ ಬಂಗಾರಪೇಟೆ ಅಂತ ಹುಡುಕಿದ್ರೆ ಏನೂ ಸಿಗಲ್ಲ, ಅಲ್ಲೆಲ್ಲಾ ಬೌರಿಂಗ್‌ಪೇಟೆ ಅಂತ ಇರುತ್ತೆ, ಕಮಿಷನರ್ ಆಗಿದ್ದ ಬೌರಿಂಗ್ ಹೆಸರು. ಇದು ಗೊತ್ತಿಲ್ಲದೋನು ನಮ್ಮೂರಿಗೆ ಹಿಸ್ಟರಿನೇ ಇಲ್ಲ ಅಂದ್ಕೊಂಡು ಎದ್ದು ಹೋಗ್ತಾನೆ. ಆಲ್ಡ್‌ವಿಚ್ ಇನ್ನೂ ಮೋಸ. 1907ರಲ್ಲಿ ಅದರ ಹೆಸರು ಸ್ಟ್ರಾಂಡ್. 1915ರ ಮೇ 9ಕ್ಕೆ ಆಲ್ಡ್‌ವಿಚ್ ಅಂತ ಮಾಡಿದ್ರು, ಮಾಡಿ ಸುಮ್ನಿರದೆ ಸ್ಟ್ರಾಂಡ್ ಅನ್ನೋ ಹೆಸರನ್ನ ಸ್ವಲ್ಪ ದೂರದಲ್ಲಿದ್ದ ಚೇರಿಂಗ್ ಕ್ರಾಸ್ ಅನ್ನೋ ಬೇರೆ ಲೈನಿನ ಸ್ಟೇಷನ್‌ಗೆ ಕೊಟ್ಟುಬಿಟ್ರು, ಅದು ಎಷ್ಟೋ ವರ್ಷ ಸ್ಟ್ರಾಂಡ್ ಆಗಿದ್ದು 1979ರಲ್ಲಿ ಜ್ಯೂಬಿಲಿ ಲೈನ್ ಬಂದಾಗ ವಾಪಸ್ ಚೇರಿಂಗ್ ಕ್ರಾಸ್ ಆಯ್ತು. ಅಂದ್ರೆ 1910ರ ಪೇಪರಲ್ಲಿ ಸ್ಟ್ರಾಂಡ್ ಸ್ಟೇಷನ್ ಅಂದ್ರೆ ನಮ್ಮದು, 1950ರ ಪೇಪರಲ್ಲಿ ಸ್ಟ್ರಾಂಡ್ ಸ್ಟೇಷನ್ ಅಂದ್ರೆ ಪಕ್ಕದ ಮನೆಯೋರದ್ದು. ಹುಡುಗನ ನೋಟ್ಸಲ್ಲಿ ಎರಡೂ ಕಲಸಿ ಅಂಬಲಿ ಆಗಿತ್ತು. ಒಂದು ಹಾಳೇಲಿ ಎಡಗಡೆ ವರ್ಷ, ಬಲಗಡೆ ಆ ವರ್ಷ ಇದ್ದ ಹೆಸರು ಬರೆದು ಗೋಡೆಗೆ ಅಂಟಿಸ್ಕೊಳ್ಳಿ, ಏನೇ ಓದಿದ್ರೂ ಮೊದಲು ಅದರ ವರ್ಷ ನೋಡಿ, ಆಮೇಲೆ ಒಳಗೆ ಸೇರಿಸಿ.

ಈಗ ಮ್ಯಾಪು. ಇದಕ್ಕೆ ಟೈಮ್ ಕೊಡಿ, ಒಂದು ಸಂಜೆ ಪೂರ್ತಿ ಹೋದ್ರೂ ಪರವಾಗಿಲ್ಲ. ಸ್ಟೇಷನ್ ಮುಚ್ಚೋಕೆ ಮುಂಚಿನ ಹಳೇ ಲಂಡನ್ ಮೆಟ್ರೋ ಮ್ಯಾಪ್ ತೆಗೆದು ನೋಡ್ತಾ 'ಈ ಲೈನು ಯಾಕೆ ಇಲ್ಲಿ ನಿಂತುಹೋಯ್ತು' ಅಂತ ಕೇಳ್ಕೊಳ್ಳಿ. ಆಲ್ಡ್‌ವಿಚ್‌ನಿಂದ ಇನ್ನೊಂದು ಸ್ವಲ್ಪ ಮುಂದೆ ಹೋದ್ರೆ ಥೇಮ್ಸ್ ನದಿ, ನದಿ ಆಚೆ ವಾಟರ್‌ಲೂ, ಲಕ್ಷಾಂತರ ಜನ ಇಳಿಯೋ ದೊಡ್ಡ ರೈಲ್ವೆ ಸ್ಟೇಷನ್. ಅಷ್ಟು ಹತ್ರ ಬಂದು ಯಾರಾದ್ರೂ ನಿಲ್ಲಿಸ್ತಾರಾ? ಎಲ್ಲಿಂದಲೋ ಲೈನ್ ಹಾಕ್ಕೊಂಡು ಬಂದು ಬಂಗಾರಪೇಟೆ ಜಂಕ್ಷನ್ನಿಗೆ ಒಂದು ಕೂಗಳತೆ ಇರೋವಾಗ ಕೈ ತೊಳ್ಕೊಂಡ ಹಾಗೆ.

ಕಾರಣ ಏನಂದ್ರೆ ಇದು ಯಾರೂ ಬೇಕು ಅಂತ ಹಾಕಿದ ಲೈನೇ ಅಲ್ಲ, ಭಾಗ ಆದಾಗ ಮೂಲೇಲಿ ಉಳ್ಕೊಂಡ ತುಂಡು ಜಮೀನು. ಶುರುವಿನಲ್ಲಿ ಎರಡು ಬೇರೆ ಬೇರೆ ಕಂಪನಿ ಇದ್ವು. ಒಂದಕ್ಕೆ 1897ರಲ್ಲಿ ಪರ್ಮಿಷನ್ ಸಿಕ್ತು, ಸೌತ್ ಕೆನ್ಸಿಂಗ್‌ಟನ್‌ನಿಂದ ಪಿಕಡಿಲಿ ಸರ್ಕಸ್‌ವರೆಗೆ. ಇನ್ನೊಂದಕ್ಕೆ 1899ರಲ್ಲಿ, ಉತ್ತರದ ವುಡ್ ಗ್ರೀನ್ ಕಡೆಯಿಂದ ಕಿಂಗ್ಸ್ ಕ್ರಾಸ್ ಮೇಲೆ ಹಾದು ಸ್ಟ್ರಾಂಡ್ ರಸ್ತೆವರೆಗೆ, ಇದರ ಹೆಸರೇ ಗ್ರೇಟ್ ನಾರ್ದರ್ನ್ ಅಂಡ್ ಸ್ಟ್ರಾಂಡ್ ರೈಲ್ವೆ. ನೋಡಿ, ಈ ಎರಡನೇ ಕಂಪನಿ ಲೆಕ್ಕದಲ್ಲಿ ಸ್ಟ್ರಾಂಡ್ ಅನ್ನೋದು ಮುಖ್ಯ ಲೈನಿನ ಮುಖ್ಯ ಟರ್ಮಿನಲ್ಲು, ಕೊಂಬೆ ಗಿಂಬೆ ಅಲ್ಲ. ಆಮೇಲೆ ಶಿಕಾಗೋದಿಂದ ಚಾರ್ಲ್ಸ್ ಯೆರ್ಕೀಸ್ ಅಂತ ಒಬ್ಬ ಫೈನಾನ್ಸ್ ಕುಳ ಬಂದ, ಎರಡೂ ಕಂಪನಿ ಕೊಂಡ್ಕೊಂಡ, ಪಿಕಡಿಲಿ ಸರ್ಕಸ್‌ನಿಂದ ಹೋಬರ್ನ್‌ವರೆಗೆ ಒಂದು ಗಂಟು ಹಾಕಿ ಎರಡನ್ನೂ ಒಂದೇ ಲೈನ್ ಮಾಡಿಬಿಟ್ಟ. ಗಂಟು ಬಿದ್ದಿದ್ದು ಹೋಬರ್ನ್‌ನಲ್ಲಿ, ಅದರಿಂದ ಕೆಳಗಿನ ಸ್ಟ್ರಾಂಡ್ ತುಂಡು ಬಾಲದ ಥರ ಜೋತಾಡ್ಕೊಂಡು ಉಳೀತು, ಪರ್ಮಿಷನ್ ಕೈಲಿತ್ತು, ಕಟ್ಟಿದ್ರು. ಮುಖ್ಯ ಲೈನು 1906ರ ಡಿಸೆಂಬರ್ 15ಕ್ಕೆ ಓಡೋಕೆ ಶುರುವಾಯ್ತು, ಈ ಬಾಲ ಒಂದು ವರ್ಷ ಲೇಟಾಗಿ. ಯೆರ್ಕೀಸ್ ಮಹಾಶಯ ಎರಡನ್ನೂ ನೋಡಲಿಲ್ಲ, 1905ರ ಡಿಸೆಂಬರಲ್ಲೇ ತೀರ್ಕೊಂಡಿದ್ದ.

ಮ್ಯಾಪಿಂದ ಇಷ್ಟು ಹೊರಗೆ ಬಂದ್ಮೇಲೆ ಹುಡುಗ ಕೇಳಿದ, 'ಹಂಗಾದ್ರೆ ಮಾವ, ಇದು ಹುಟ್ಟುವಾಗಲೇ ಬೇಡದ ಕೂಸಾ?' ಅಂತ. ಕರೆಕ್ಟಾಗಿ ಹಿಡಿದ. ಆದ್ರೆ ಅದನ್ನ ಸೆಮಿನಾರಲ್ಲಿ ನೀವು ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಕಲ್ಲಲ್ಲಿ ಗಾರೆಯಲ್ಲಿ ತೋರಿಸ್ಬೇಕು, ಅದು ಲಿಫ್ಟ್ ಹತ್ರ ಸಿಗುತ್ತೆ, ಬರ್ತೀನಿ ಇರಿ.

ಅದಕ್ಕೂ ಮುಂಚೆ ಜಾಗ. ಯಾವ ಊರಲ್ಲೂ ಪೇಟೆ ಮಧ್ಯ ಖಾಲಿ ಸೈಟ್ ಬಿದ್ದಿರಲ್ಲ, ಸ್ಟೇಷನ್ ಬಂದಿದೆ ಅಂದ್ರೆ ಅಲ್ಲಿ ಮುಂಚೆ ಏನೋ ಇತ್ತು ಅಂತ ಅರ್ಥ. ಇದಕ್ಕೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನೋರು ಬ್ರಿಟನ್ನಿನ ಹಳೇ ಸರ್ವೆ ಮ್ಯಾಪ್‌ಗಳನ್ನ ಫ್ರೀಯಾಗಿ ಆನ್‌ಲೈನಲ್ಲಿ ಇಟ್ಟಿದಾರೆ, ಹಳೇ ಮ್ಯಾಪನ್ನ ಇವತ್ತಿನ ಮ್ಯಾಪ್ ಮೇಲೆ ಹಾಸಿ ಒಂದು ಪಟ್ಟಿ ಎಳೆದ್ರೆ ಹಳೇದು ಮಾಯ ಆಗಿ ಹೊಸದು ಕಾಣುತ್ತೆ, ನಾನಂತೂ ಆ ಪಟ್ಟಿ ಎಳೀತಾ ಎಷ್ಟೋ ಸಲ ವೈಟ್‌ಫೀಲ್ಡ್‌ನಲ್ಲಿ ಇಳಿಯೋದು ಮರೆತು ಮುಂದೆ ಹೋಗಿದೀನಿ. 1890ರ ದಶಕದ ಮ್ಯಾಪಲ್ಲಿ ಸ್ಟ್ರಾಂಡ್ ರಸ್ತೆ ಸರೇ ಸ್ಟ್ರೀಟ್ ಮೂಲೆ ಹತ್ರ ನೋಡಿ, ಅಲ್ಲಿ ಒಂದು ನಾಟಕದ ಥಿಯೇಟರ್ ಇದೆ, ರಾಯಲ್ ಸ್ಟ್ರಾಂಡ್ ಥಿಯೇಟರ್. 1905ರ ಮೇ ತಿಂಗಳಲ್ಲಿ ಅದನ್ನ ಮುಚ್ಚಿಸಿ ಒಡೆದು ಆ ಜಾಗದಲ್ಲಿ ಸ್ಟೇಷನ್ ಎಬ್ಬಿಸಿದ್ರು. ಹಾಗೇ ಮೇಲ್ಗಡೆ ನೋಡಿ, ಇವತ್ತು ಕಿಂಗ್ಸ್‌ವೇ ಅಂತ ಇರೋ ಅಗಲದ ರಸ್ತೆ ಹಳೇ ಮ್ಯಾಪಲ್ಲಿ ಇಲ್ಲವೇ ಇಲ್ಲ, ಬರೀ ಇಕ್ಕಟ್ಟಿನ ಗಲ್ಲಿಗಳು. ಲಂಡನ್ ಕೌಂಟಿ ಕೌನ್ಸಿಲ್‌ನೋರು ಅಷ್ಟನ್ನೂ ಕೆಡವಿ ಕಿಂಗ್ಸ್‌ವೇ, ಆಲ್ಡ್‌ವಿಚ್ ಅನ್ನೋ ಹೊಸ ರಸ್ತೆಗಳನ್ನ ಮಾಡಿ 1905ರ ಅಕ್ಟೋಬರಲ್ಲಿ ರಾಜ ಏಳನೇ ಎಡ್ವರ್ಡ್ ಕೈಲಿ ಟೇಪ್ ಕಟ್ ಮಾಡಿಸಿದ್ರು. ಸ್ಟೇಷನ್ ಕೆಲಸ ಶುರುವಾಗಿದ್ದೂ ಅದೇ ಅಕ್ಟೋಬರಲ್ಲಿ. ಮುಖ್ಯ ಲೈನಿಗಿಂತ ಈ ತುಂಡು ಲೇಟಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಥಿಯೇಟರ್ ಅಂದೆ, ಇಲ್ಲೊಂದು ಎಚ್ಚರಿಕೆ. ಆಲ್ಡ್‌ವಿಚ್ ಅಂತ ಹುಡುಕಿದ ತಕ್ಷಣ ಆ ಥಿಯೇಟರಿನ ನಟಿಯ ದೆವ್ವ ಹಳಿ ಮೇಲೆ ಓಡಾಡುತ್ತೆ ಅಂತ ಹತ್ತು ವಿಡಿಯೋ ಬರುತ್ತೆ. ಕೆಜಿಎಫ್‌ನ ಹಳೇ ಶಾಫ್ಟ್‌ಗಳ ಬಗ್ಗೆಯೂ ನಮ್ಮಲ್ಲಿ ಇಂಥ ಕಥೆಗೆ ಬರ ಇಲ್ಲ, ನಮ್ಮ ತಾತನೇ ಮೂರು ಹೇಳ್ತಿದ್ರು, ಮೂರರಲ್ಲೂ ಬೀಡಿ ಕೇಳೋ ದೆವ್ವ. ಹಿಸ್ಟರಿ ಬರೆಯುವಾಗ ಅದನ್ನ 'ಜನ ಹೀಗೆ ಹೇಳ್ತಾರೆ' ಅಂತ ಒಂದು ಲೈನ್ ಹಾಕಿ ಮುಂದೆ ಹೋಗಿ.

ಕಟ್ಟಡದ ಮುಖ ಓದೋದು ಸುಲಭ, ಒಂದು ಸಲ ಕಲಿತ್ರೆ ಲಂಡನ್ನಿನ ಎಷ್ಟೋ ಹಳೇ ಸ್ಟೇಷನ್ ಗುರುತು ಹಿಡೀಬಹುದು. ಕಡು ಕೆಂಪು, ಎತ್ತಿನ ರಕ್ತದ ಬಣ್ಣ ಅಂತಲೇ ಅವರು ಕರೆಯೋದು, ಆ ಬಣ್ಣದ ಹೊಳೆಯೋ ಸುಟ್ಟ ಮಣ್ಣಿನ ಬಿಲ್ಲೆಗಳು, ಮೊದಲನೇ ಮಹಡೀಲಿ ದೊಡ್ಡ ಕಮಾನಿನ ಕಿಟಕಿ, ಇಷ್ಟಿದ್ರೆ ಅದು ಲೆಸ್ಲಿ ಗ್ರೀನ್ ಅನ್ನೋ ಆರ್ಕಿಟೆಕ್ಟಿನ ಕೈ. ಕೋವೆಂಟ್ ಗಾರ್ಡನ್, ರಸೆಲ್ ಸ್ಕ್ವೇರ್ ಫೋಟೋ ಪಕ್ಕದಲ್ಲಿಟ್ಟು ನೋಡಿ, ಅಣ್ಣತಮ್ಮಂದಿರ ಥರ ಇರ್ತವೆ. ಈ ಮನುಷ್ಯ ಕೆಲವೇ ವರ್ಷದಲ್ಲಿ ಸಾಲುಸಾಲಾಗಿ ಸ್ಟೇಷನ್ ಡಿಸೈನ್ ಮಾಡಿ 1908ರಲ್ಲಿ 33ನೇ ವಯಸ್ಸಿಗೇ ಹೋಗಿಬಿಟ್ಟ. ಅವನ ಸ್ಟೇಷನ್‌ಗಳ ತಲೆ ಮೇಲೆ ಇಳಿಜಾರು ಚಾವಣಿ ಇಲ್ಲ, ತಾರಸಿ, ಒಳಗಡೆ ಸ್ಟೀಲ್ ಫ್ರೇಮು. ಯಾಕಂದ್ರೆ ಮುಂದೆ ಮೇಲೆ ಆಫೀಸ್ ಮಹಡಿ ಎಬ್ಬಿಸಿ ಬಾಡಿಗೆ ತಗೋಬಹುದು ಅಂತ. ನಮ್ಮಲ್ಲಿ ಮನೆ ಕಟ್ಟಿ ತಾರಸಿ ಮೇಲೆ ಕಂಬಿ ಹಂಗೇ ಬಿಟ್ಟಿರ್ತೀವಲ್ಲ, ಮಗನ ಮದುವೆ ಹೊತ್ತಿಗೆ ಮೇಲೊಂದು ಹಾಕೋಣ ಅಂತ, ಅದೇ ಲೆಕ್ಕಾಚಾರ. ಆಲ್ಡ್‌ವಿಚ್ ಮುಖದ ಮೇಲೆ ಇವತ್ತಿಗೂ ಸ್ಟ್ರಾಂಡ್ ಸ್ಟೇಷನ್ ಅಂತ ಹಳೇ ಹೆಸರು ಕಾಣುತ್ತೆ, ಹೆಸರಿನ ಹಾಳೆ ಗೋಡೆಗೆ ಅಂಟಿಸಿ ಅಂದಿದ್ದು ಇದಕ್ಕೇ, ಇಲ್ಲಾಂದ್ರೆ ಫೋಟೋ ನೋಡಿ ಇದು ಬೇರೆ ಸ್ಟೇಷನ್ ಅಂದ್ಕೋತೀರ.

ಈಗ ಬನ್ನಿ ಲಿಫ್ಟಿಗೆ.

ಲಂಡನ್ನಿನ ಕೆಳಗಿರೋದು ಮೆತ್ತನೆ ಜೇಡಿಮಣ್ಣು. ನಮ್ಮ ಕೆಜಿಎಫ್ ಥರ ಬಂಡೆಗೆ ಡೈನಮೈಟ್ ಇಟ್ಟು ಹೊಡೀಬೇಕಾಗಿಲ್ಲ, ಒಂದು ದುಂಡನೆ ಕಬ್ಬಿಣದ ಕವಚ ಮುಂದಕ್ಕೆ ತಳ್ತಾ, ಒಳಗೆ ನಿಂತು ಮಣ್ಣು ಕೆರೀತಾ, ಹಿಂದೆ ಎರಕದ ಕಬ್ಬಿಣದ ಉಂಗುರ ಒಂದಕ್ಕೊಂದು ಬೋಲ್ಟ್ ಹಾಕ್ತಾ ಹೋಗೋದು. ಗ್ರೇಟ್‌ಹೆಡ್ ಅನ್ನೋ ಎಂಜಿನಿಯರ್ ಪಳಗಿಸಿದ ದಾರಿ. ಹಾಗೆ ಮಾಡಿದ ಸುರಂಗ ಕೊಳವೆ ಥರ ಇರುತ್ತೆ, ಟ್ಯೂಬ್ ಅನ್ನೋ ಹೆಸರು ಬಂದಿದ್ದೇ ಹಾಗೆ. ಊರಿನ ಪಾಯ, ಚರಂಡಿ ಎಲ್ಲಾ ತಪ್ಪಿಸಿ ಆಳಕ್ಕೆ ಹೋಗ್ಬೇಕು, ಆಳಕ್ಕೆ ಹೋದ್ಮೇಲೆ ಜನರನ್ನ ಇಳಿಸ್ಬೇಕು. ಲಂಡನ್ ಅಂಡರ್‌ಗ್ರೌಂಡಲ್ಲಿ ಮೊದಲ ಎಸ್ಕಲೇಟರ್ ಬಂದಿದ್ದು 1911ರಲ್ಲಿ ಅರ್ಲ್ಸ್ ಕೋರ್ಟ್ ಸ್ಟೇಷನ್ನಲ್ಲಿ. ಹಾಗಾಗಿ 1907ರ ಸ್ಟೇಷನ್ ಅಂದ್ರೆ ಲಿಫ್ಟೇ ಗತಿ. ಇದನ್ನ ನೀವು ಲಂಡನ್ನಿನ ಯಾವ ಹಳೇ ಸ್ಟೇಷನ್‌ಗೂ ಅಪ್ಲೈ ಮಾಡಬಹುದು, 1911ಕ್ಕೆ ಮುಂಚಿನ ಆಳದ ಸ್ಟೇಷನ್ನಲ್ಲಿ ಎಸ್ಕಲೇಟರ್ ಕಂಡ್ರೆ ಅದನ್ನ ಆಮೇಲೆ ಹಾಕಿದ್ದು, ಯಾವಾಗ, ಯಾಕೆ ಅಂತ ಕೆದಕಿ. ಪಕ್ಕದ ಹೋಬರ್ನ್‌ಗೆ 1933ರಲ್ಲಿ ಬಂತು. ಆಲ್ಡ್‌ವಿಚ್‌ಗೆ ಕೊನೇವರೆಗೂ ಬರಲೇ ಇಲ್ಲ.

ತಾತ ಹೇಳ್ತಿದ್ರು, ಶಾಫ್ಟ್ ನೋಡಿದ್ರೆ ಮೈನ್ಸಿನ ಯೋಗ್ಯತೆ ಗೊತ್ತಾಗುತ್ತೆ ಅಂತ. ಎಷ್ಟು ದೊಡ್ಡ ಶಾಫ್ಟ್ ತೋಡಿದಾರೋ ಅಷ್ಟು ಆಸೆ ಇಟ್ಕೊಂಡಿದ್ರು, ಕೇಜ್ ಎಷ್ಟು ಸಲ ಇಳಿಯುತ್ತೋ ಅಷ್ಟೇ ನಿಜವಾದ ಸಂಪಾದನೆ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ ಹೋಗಿದ್ದು, ಅದರ ಮುಂದೆ ಆಲ್ಡ್‌ವಿಚ್ ಒಂದು ಸೇದೋ ಬಾವಿ, ಸುತ್ತು ಮೆಟ್ಟಿಲು ಇಳಿದ್ರೆ ಒಟ್ಟು 160. ಆದ್ರೂ ತಾತನ ಲೆಕ್ಕ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತೆ. ಆಲ್ಡ್‌ವಿಚ್‌ನಲ್ಲಿ ತೋಡಿದ್ದು ಮೂರು ಲಿಫ್ಟ್ ಶಾಫ್ಟ್, ಒಂದೊಂದರಲ್ಲಿ ಎರಡು ಲಿಫ್ಟ್ ಹಿಡಿಯೋ ಹಾಗೆ, ಅಂದ್ರೆ ಆರು ಲಿಫ್ಟಿಗೆ ಜಾಗ. ಮೆಷಿನ್ ಕೂರಿಸಿದ್ದು ಒಂದೇ ಶಾಫ್ಟಿಗೆ, ಎರಡೇ ಲಿಫ್ಟು. ಮಿಕ್ಕ ಎರಡು ಶಾಫ್ಟ್ ಖಾಲಿಯಾಗೇ ಉಳಿದ್ವು, ಒಂದು ದಿನಕ್ಕೂ ಒಬ್ಬ ಪ್ಯಾಸೆಂಜರನ್ನೂ ಹೊರಲಿಲ್ಲ. ಕೆಳಗೆ ಎರಡು ಪ್ಲಾಟ್‌ಫಾರಂ ಕಟ್ಟಿದ್ರು, ಓಡ್ತಿದ್ದಿದ್ದು ಹೋಬರ್ನ್‌ಗೆ ಹೋಗಿ ಬರೋ ಒಂದು ಗಾಡಿ, ಅದಕ್ಕೆ ಎರಡು ಯಾಕೆ ಅಂತ ಪೂರ್ವದ ಕಡೆ ಪ್ಲಾಟ್‌ಫಾರಂನ 1914ರ ಆಗಸ್ಟಲ್ಲೇ ಬಂದ್ ಮಾಡಿದ್ರು, ಏಳು ವರ್ಷ ತುಂಬಿರಲಿಲ್ಲ. ಶುರುವಲ್ಲಿ ರಾತ್ರಿ ನಾಟಕ ಬಿಟ್ಮೇಲೆ ಜನರನ್ನ ಸೀದಾ ಉತ್ತರಕ್ಕೆ ಕರ್ಕೊಂಡು ಹೋಗೋಕೆ ಅಂತ ಒಂದು ಸ್ಪೆಷಲ್ ಟ್ರೈನ್ ಇತ್ತು, ಅದೂ 1908ಕ್ಕೇ ಖಲಾಸ್. 1917ರಲ್ಲಿ ಭಾನುವಾರದ ಸರ್ವಿಸ್ ನಿಲ್ತು. 1922ರಲ್ಲಿ ಬುಕಿಂಗ್ ಕೌಂಟರನ್ನೇ ಮುಚ್ಚಿ ಲಿಫ್ಟ್ ಒಳಗೇ ಟಿಕೆಟ್ ಕೊಡೋಕೆ ಶುರು ಮಾಡಿದ್ರು, ಲಿಫ್ಟ್ ಓಡಿಸೋನೇ ಕಂಡಕ್ಟರು! ನನಗೆ ಇಡೀ ಹಿಸ್ಟರಿಯಲ್ಲಿ ಇಷ್ಟವಾದ ಸೀನ್ ಇದು, ನಮ್ಮ ಖಾಸಗಿ ಬಸ್ ಕ್ಲೀನರ್ ಥರ ಒಬ್ಬ ಲಿಫ್ಟ್ ಮೂಲೇಲಿ ಚಿಲ್ಲರೆ ಎಣಿಸ್ತಾ ನಿಂತಿರೋದು.

ಅದಕ್ಕೇ ಹೇಳೋದು, ಯಾವ ಸ್ಟೇಷನ್ ತಗೊಂಡ್ರೂ ಎರಡು ಸಾಲು ಬರ್ಕೊಳ್ಳಿ, ಕಟ್ಟಿದ್ದು ಎಷ್ಟು, ಬಳಸಿದ್ದು ಎಷ್ಟು. ಈ ಎರಡರ ನಡುವಿನ ಅಂತರದಲ್ಲೇ ಕಥೆ ಇರೋದು. ಹುಡುಗ ಬೇಡದ ಕೂಸು ಅಂದಿದ್ದಕ್ಕೆ ಪ್ರೂಫು ಆ ಎರಡು ಖಾಲಿ ಶಾಫ್ಟು.

ಯುದ್ಧದ ವರ್ಷಗಳಿಗೆ ಬೇರೆ ಹಾಳೆ ಇಡಿ. ಯುರೋಪಿನ ಇಷ್ಟು ಹಳೇ ಅಂಡರ್‌ಗ್ರೌಂಡ್ ಸ್ಟೇಷನ್ ಅಂದ್ರೆ ಸಾಮಾನ್ಯವಾಗಿ ಎರಡು ಮಹಾಯುದ್ಧ ಅದರ ಮೈಮೇಲೆ ಹಾದುಹೋಗಿರುತ್ತೆ, ಜನ ಎರಡನ್ನೂ ಸೇರಿಸಿ ಒಂದೇ ವಾಕ್ಯದಲ್ಲಿ ಬರೆದು ಗೊಜ್ಜು ಮಾಡ್ತಾರೆ. ಆಲ್ಡ್‌ವಿಚ್‌ನಲ್ಲಿ ಮೊದಲನೇ ಯುದ್ಧದಲ್ಲಿ, 1917ರಿಂದ 1918ರವರೆಗೆ, ಆ ಬಂದಾಗಿದ್ದ ಪ್ಲಾಟ್‌ಫಾರಂನಲ್ಲಿ ನ್ಯಾಷನಲ್ ಗ್ಯಾಲರಿಯ ಸುಮಾರು 300 ಪೇಂಟಿಂಗ್ ಇಟ್ಟಿದ್ರು, ಜರ್ಮನ್ನರ ಬಾಂಬಿಗೆ ಹೆದರಿ. ಎರಡನೇ ಯುದ್ಧದಲ್ಲಿ 1940ರ ಸೆಪ್ಟೆಂಬರಲ್ಲಿ ಟ್ರೈನೇ ನಿಲ್ಲಿಸಿ ಜನರಿಗೆ ರಾತ್ರಿ ಮಲಗೋಕೆ ಬಿಟ್ಟುಕೊಟ್ರು, ಸುರಂಗದ ಇನ್ನೊಂದು ಕಡೆ ಬ್ರಿಟಿಷ್ ಮ್ಯೂಸಿಯಂ ಸಾಮಾನು ಬಂತು, ಗ್ರೀಸ್‌ನಿಂದ ತಂದಿದ್ದ ಪಾರ್ಥೆನಾನ್ ಶಿಲ್ಪಗಳೂ ಸೇರಿ. ಟ್ರೈನ್ ಮತ್ತೆ ಓಡಿದ್ದು 1946ರ ಜುಲೈ 1ಕ್ಕೆ. ಹತ್ತು ಕಾಸು ಗಿಟ್ಟದ ಸುರಂಗಕ್ಕೆ ಯುದ್ಧ ಬಂದಾಗ ಮರ್ಯಾದೆ ಬಂತು ನೋಡಿ, ಯಾಕಂದ್ರೆ ಅದು ಖಾಲಿ ಇತ್ತು, ಗಿಜಿಗುಡೋ ಲೈನಿನ ಸುರಂಗದಲ್ಲಿ ಶಿಲ್ಪ ಇಡೋಕಾಗುತ್ತಾ? ಇಲ್ಲೊಂದು ಗುಂಡಿ ಇದೆ, ಬೀಳ್ಬೇಡಿ. ಬ್ರಿಟಿಷ್ ಮ್ಯೂಸಿಯಂ ಅನ್ನೋ ಹೆಸರಿನ ಬೇರೆ ಸ್ಟೇಷನ್ನೇ ಇತ್ತು, ಸೆಂಟ್ರಲ್ ಲೈನಲ್ಲಿ, 1900ರಲ್ಲಿ ಶುರುವಾಗಿ 1933ರಲ್ಲಿ ಮುಚ್ಚಿದ್ದು. ಮ್ಯೂಸಿಯಂ ಶಿಲ್ಪ ಇಟ್ಟಿದ್ದು ಮ್ಯೂಸಿಯಂ ಸ್ಟೇಷನ್ನಲ್ಲಿ ಅಂತ ನಮ್ಮ ಹುಡುಗ ಬರೆದಿದ್ದ, ಕೇಳೋಕೆ ಸರಿಯಾಗೇ ಇದೆ, ಆದ್ರೆ ತಪ್ಪು.

ಸ್ಟೇಷನ್ ಮುಚ್ಚಿದ ಕಾರಣ ಬರೆಯುವಾಗ 'ಪ್ರಯಾಣಿಕರ ಕೊರತೆಯಿಂದ' ಅಂತ ಒಂದೇ ಲೈನ್ ಬರೆದು ಮುಗಿಸ್ಬೇಡಿ, ದುಡ್ಡಿನ ಲೆಕ್ಕ ಬಿಡಿಸಿ. 1958ರಿಂದ ಆಲ್ಡ್‌ವಿಚ್‌ನಲ್ಲಿ ಬೆಳಿಗ್ಗೆ ಸಂಜೆ ಆಫೀಸ್ ಟೈಮಲ್ಲಿ ಮಾತ್ರ ಟ್ರೈನು. 1990ರ ದಶಕಕ್ಕೆ ಬರೋ ಹೊತ್ತಿಗೆ ದಿನಕ್ಕೆ ಸುಮಾರು 450 ಜನ, ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್ ನಷ್ಟ. ಹಂಗಿದ್ರೂ ಎಳ್ಕೊಂಡು ಹೋಗ್ತಿದ್ರು, ಕೊನೆಗೆ ಕೈ ಕೊಟ್ಟಿದ್ದು ಲಿಫ್ಟು. 1907ರ ಅದೇ ಎರಡು ಲಿಫ್ಟ್ ಅಷ್ಟೂ ವರ್ಷ ಓಡಿ ಸುಸ್ತಾಗಿದ್ವು, ಬದಲಾಯಿಸೋಕೆ 30 ಲಕ್ಷ ಪೌಂಡ್ ಬೇಕಿತ್ತು. ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ, 30 ಲಕ್ಷವನ್ನ 450ರಿಂದ ಭಾಗಿಸಿ, ತಲೆಗೆ 6,600 ಪೌಂಡಿಗೂ ಮೇಲೆ ಬರುತ್ತೆ. ಇನ್ನೊಂದು ಥರ ನೋಡಿದ್ರೆ ಇಪ್ಪತ್ತು ವರ್ಷದ ನಷ್ಟ ಒಂದೇ ಸಲ ಲಿಫ್ಟಿಗೆ ಹಾಕ್ದಂಗೆ. ಯಾವ ಮಂತ್ರಿ ಸೈನ್ ಹಾಕ್ತಾನೆ? ಅದೇ 1994ರ ಸೆಪ್ಟೆಂಬರ್ 30ಕ್ಕೆ ಸೆಂಟ್ರಲ್ ಲೈನಿನ ಆ ತುದೀಲಿ ಎಪ್ಪಿಂಗ್‌ನಿಂದ ಓಂಗಾರ್‌ವರೆಗಿನ ಲೈನೂ ನಿಂತುಹೋಯ್ತು, ಅಂದ್ರೆ ಇದೊಂದರ ಮೇಲೆ ಹಗೆ ಅಲ್ಲ, ಗಿಟ್ಟದ ತುದಿಗಳನ್ನ ಕತ್ತರಿಸೋ ಕಾಲ ಅದು. ಈ ಪಕ್ಕದ ಸುದ್ದಿನೂ ನೋಡೋ ಅಭ್ಯಾಸ ಇಟ್ಕೊಳ್ಳಿ. ನಮ್ಮ ಮೈನ್ಸನ್ನೂ ಹಾಗೇ, ಚಿನ್ನ ಖಾಲಿಯಾಯ್ತು ಅಂತ ಸುಲಭವಾಗಿ ಹೇಳ್ತಾರೆ, ಅಷ್ಟು ಆಳದಿಂದ ಮೇಲೆ ತರೋ ಖರ್ಚು ಚಿನ್ನದ ರೇಟನ್ನ ನುಂಗಿ ಹಾಕಿದ್ದಕ್ಕೆ 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಅಲ್ಲೂ ಇಲ್ಲೂ ಮೇಲೆ ಕೆಳಗೆ ಓಡಾಡೋ ಖರ್ಚೇ ಕೊಂದಿದ್ದು.

ಇನ್ನೊಂದು ಹಾಳೆ ಆಗದೇ ಇದ್ದಿದ್ದಕ್ಕೆ. ವಾಟರ್‌ಲೂವರೆಗೆ ಎಳೀಬೇಕು ಅಂತ ಎಷ್ಟೋ ಸಲ ಪ್ಲ್ಯಾನ್ ಆಯ್ತು, 1965ರಲ್ಲಿ ಪರ್ಮಿಷನ್ನೂ ಸಿಕ್ತು, ದುಡ್ಡು ಸಿಗಲಿಲ್ಲ. ಎಳೆದಿದ್ರೆ ಆ ಖಾಲಿ ಶಾಫ್ಟ್‌ಗಳಿಗೂ ಲಿಫ್ಟ್ ಬರ್ತಿತ್ತೇನೋ.

ಇದನ್ನೆಲ್ಲಾ ಎಲ್ಲಿ ಹುಡುಕೋದು ಅಂತ ಕೇಳ್ತೀರ. ಮ್ಯಾಪ್ ವಿಷಯ ಹೇಳಾಯ್ತು. ಫೋಟೋಗೆ ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಕಲೆಕ್ಷನ್ ಆನ್‌ಲೈನಲ್ಲಿದೆ, ಸ್ಟೇಷನ್ ಹೆಸರು ಹಾಕಿದ್ರೆ ದಶಕದ ಪ್ರಕಾರ ಬರುತ್ತೆ, ಫೋಟೋಲಿ ಜನರನ್ನ ನೋಡೋಕೆ ಮುಂಚೆ ಬೋರ್ಡ್, ಜಾಹೀರಾತು ನೋಡಿ. ಪಾರ್ಲಿಮೆಂಟಲ್ಲಿ ಯಾರು ಏನು ಪ್ರಶ್ನೆ ಕೇಳಿದ್ರು ಅನ್ನೋಕೆ ಹ್ಯಾನ್ಸಾರ್ಡ್, ಅದೂ ಫ್ರೀ, ನಮ್ಮ ವಿಧಾನಸಭೆ ನಡಾವಳಿ ಥರ. ಅಲ್ಲಿ ಹುಡುಕುವಾಗ ಸ್ಟೇಷನ್ ಹೆಸರಿನ ಜೊತೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತಲೂ ಹಾಕಿ, ಇಲ್ಲಾಂದ್ರೆ ಆಲ್ಡ್‌ವಿಚ್ ರಸ್ತೆ, ಥಿಯೇಟರು, ಹೋಟ್ಲು ಎಲ್ಲಾ ಬಂದು ಬೀಳುತ್ತೆ. ಕಟ್ಟಡಕ್ಕೆ ಹಿಸ್ಟಾರಿಕ್ ಇಂಗ್ಲೆಂಡ್‌ನೋರ ರಕ್ಷಿತ ಕಟ್ಟಡಗಳ ಪಟ್ಟಿ, ಆಲ್ಡ್‌ವಿಚ್ 2011ರಲ್ಲಿ ಗ್ರೇಡ್ ಎರಡಕ್ಕೆ ಸೇರಿದೆ, ಯಾವ ಗೋಡೆ ಯಾಕೆ ಮುಖ್ಯ ಅಂತ ಅವರೇ ಬಿಡಿಸಿ ಬರೆದಿರ್ತಾರೆ. ಹಳೇ ಪೇಪರ್‌ಗಳ ಸೈಟಿಗೆ ದುಡ್ಡು ಕೇಳ್ತಾರೆ, ಸ್ಟೂಡೆಂಟಿಗೆ ಅದು ಬೇಡ. ವಿಡಿಯೋ ನೋಡಿ ಬೇಡ ಅನ್ನಲ್ಲ, ಆದ್ರೆ ವಿಡಿಯೋದಲ್ಲಿ ಕೇಳಿದ ತಾರೀಖನ್ನ ಬೇರೆ ಕಡೆ ಸಿಗೋವರೆಗೂ ಪೆನ್ಸಿಲ್‌ನಲ್ಲೇ ಬರ್ಕೊಳ್ಳಿ. ಬೇರೆ ಬೇರೆ ಎರಡು ಕಡೆ ಒಂದೇ ತಾರೀಖು ಸಿಕ್ಕಿದ್ರೆ ಪೆನ್ನು. ಒಂದನ್ನ ಇನ್ನೊಂದು ಕಾಪಿ ಹೊಡೆದಿದ್ರೆ ಅದು ಎರಡಲ್ಲ, ಒಂದೇ.

ಬರೆಯೋಕೆ ಕೂತಾಗ 1897ರಿಂದ ಶುರು ಮಾಡ್ಬೇಡಿ, ಎರಡನೇ ಸ್ಲೈಡಿಗೇ ಕ್ಲಾಸ್ ನಿದ್ದೆ ಹೋಗುತ್ತೆ. ನಾನು ಹುಡುಗನಿಗೆ ಲಿಫ್ಟ್‌ನಿಂದ ಶುರು ಮಾಡು ಅಂದೆ. ಮೊದಲ ಸ್ಲೈಡಲ್ಲಿ ಮೂರು ದುಂಡನೆ ಬಾವಿ ಬರೆದು ಒಂದಕ್ಕೆ ಮಾತ್ರ ಬಣ್ಣ ತುಂಬಿ, 'ಮಿಕ್ಕ ಎರಡು ಯಾಕೆ ಖಾಲಿ?' ಅಂತ ಕ್ಲಾಸಿಗೇ ಕೇಳು, ಆಮೇಲೆ ಮ್ಯಾಪಿಗೆ ಹೋಗು, ಎರಡು ಕಂಪನಿ ಕಥೆ ಹೇಳು, ಆಮೇಲೆ ಯುದ್ಧ, ಕೊನೆಗೆ ಮತ್ತೆ ಅದೇ ಬಣ್ಣ ತುಂಬಿದ ಬಾವಿಗೆ ಬಾ, ಅದೂ ಹಾಳಾಯ್ತು, ಬಾಗಿಲು ಹಾಕಿದ್ರು ಅನ್ನು. ಥಿಯೇಟರ್, ಆರ್ಕಿಟೆಕ್ಟ್ ಎಲ್ಲಾ ಇದರ ಮಧ್ಯ ಎಲ್ಲಿ ಕೂರುತ್ತೋ ಅಲ್ಲಿ ಕೂರಿಸು, ಕೂರದೇ ಇದ್ರೆ ಬಿಡು. ಕೋಲಾರದ ಮಕ್ಕಳಿಗೆ ಹೇಳುವಾಗ ನಮ್ಮ ಕಡೆ ಸಂಬಂಧ ಒಂದು ಸೇರಿಸಬಹುದು, ಆ ಸ್ಟೇಷನ್ ಕಟ್ಟುವಾಗ ನಮ್ಮ ಮೈನ್ಸ್ ನಡೆಸ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್‌ನೋರ ಆಫೀಸೂ ಅದೇ ಲಂಡನ್ನಲ್ಲೇ. ಇನ್ನೂ ಮಜಾ ಅಂದ್ರೆ ಈ ಟ್ಯೂಬ್ ಲೈನಿಗೆ ಕರೆಂಟ್ ಕೊಟ್ಟ ಲಾಟ್ಸ್ ರೋಡ್ ಪವರ್ ಹೌಸ್ ಶುರುವಾಗಿದ್ದು 1905ರಲ್ಲಿ, ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು 1902ರಲ್ಲಿ. ಇದನ್ನ ಹೇಳುವಾಗ ಸ್ವಲ್ಪ ಕಾಲರ್ ಎತ್ತಿಕೊಂಡ್ರೂ ತಪ್ಪಿಲ್ಲ.

ಯಾರಾದ್ರೂ ಲಂಡನ್ನಿಗೆ ಹೋಗೋರಿದ್ರೆ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂನೋರು ಆಗಾಗ ಆಲ್ಡ್‌ವಿಚ್ ಒಳಗೆ ಗೈಡೆಡ್ ಟೂರ್ ಮಾಡ್ತಾರೆ, ಮುಂಚೆನೇ ಟಿಕೆಟ್ ಬುಕ್ ಮಾಡ್ಬೇಕು, ಲಿಫ್ಟ್ ಇಲ್ಲ, 160 ಮೆಟ್ಟಿಲು ಇಳಿದು ಹತ್ಬೇಕು, ಮಂಡಿ ನೋವಿರೋರು ಯೋಚನೆ ಮಾಡಿ. ಹೋಗಕ್ಕಾಗದೋರು ನಮ್ಮ ಥರ ವೈಟ್‌ಫೀಲ್ಡ್‌ನಲ್ಲಿ ಇಳಿದು ನೇರಳೆ ಲೈನ್ ಹಿಡಿದು ಮೆಜೆಸ್ಟಿಕ್ ಅಂಡರ್‌ಗ್ರೌಂಡಿಗೆ ಹೋಗಿ ಒಂದು ಗಂಟೆ ಸುಮ್ನೆ ನಿಂತ್ಕೊಂಡು ಪ್ರಾಕ್ಟೀಸ್ ಮಾಡಿ. ಎಷ್ಟು ಎಸ್ಕಲೇಟರ್, ಯಾವುದು ಓಡ್ತಿದೆ, ಯಾವ ಗೇಟ್ ಹತ್ರ ಜನ ಇಲ್ಲ, ಬರ್ಕೊಳ್ಳಿ. ಸೆಕ್ಯೂರಿಟಿಯೋರು ಏನ್ ಮಾಡ್ತಿದೀರ ಅಂತ ಕೇಳ್ತಾರೆ, ನನ್ನನ್ನ ಎರಡು ಸಲ ಕೇಳಿದಾರೆ, ಕಾಲೇಜ್ ಐಡಿ ಇಟ್ಕೊಂಡಿರಿ.

ಹುಡುಗ ಸೆಮಿನಾರ್ ಕೊಟ್ಟ, ಮೇಷ್ಟ್ರು ಈ ಸಲ ವಾಪಸ್ ಕೊಡಲಿಲ್ಲ, ಆದ್ರೆ ಮುಂದಿನ ಸೆಮಿಸ್ಟರಿಗೆ ನಿಮ್ಮೂರ ಸ್ಟೇಷನ್ನಿಂದೇ ಮಾಡು ಅಂದಿದಾರಂತೆ. ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದ, 'ಮಾವ, ಬೌರಿಂಗ್‌ಪೇಟೆ ಅಂತ ಹುಡುಕಿದೆ, ಮಾರಿಕುಪ್ಪಂ ಲೈನ್ ಬಂದಿದ್ದು 1894 ಅಂತ ಒಂದು ಕಡೆ ಸಿಕ್ತು, ಪೆನ್ನಲ್ಲಿ ಬರ್ಕೊಳ್ಳಲಾ?' ಇನ್ನೊಂದು ಕಡೆ ಸಿಗಲಿ, ಅಲ್ಲೀವರೆಗೂ ಪೆನ್ಸಿಲ್ಲೇ ಅಂದೆ.